ಆರ್ಕನ್ಸಾದ ವಜ್ರದ ಹೊಲಕ್ಕೆ ಅಪ್ಪ-ಅಮ್ಮ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಫ್ರಿಸ್ಕೊ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಕಡೆಯವರು ಯಾರಾದರೂ ಮರ್ಫ್ರೀಸ್‌ಬರೊದ ಕ್ರೇಟರ್ ಆಫ್ ಡೈಮಂಡ್ಸ್ ಸ್ಟೇಟ್ ಪಾರ್ಕ್‌ಗೆ ಹೋಗಿದ್ದೀರಾ? ಅಪ್ಪ-ಅಮ್ಮ ಊರಿನಿಂದ ಬಂದಿದ್ದಾರೆ. ಮಾಲ್, ದೇವಸ್ಥಾನ, ಯಾರದೋ ಮನೆ ಊಟ, ಮತ್ತೆ ಮಾಲ್. ಅಪ್ಪನಿಗೆ ಬೇಜಾರಾಗಿದೆ. ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಗ್ಯಾರೇಜ್ ಬಾಗಿಲು ತೆಗೆದು, ಕುರ್ಚಿ ಹಾಕಿಕೊಂಡು, ಖಾಲಿ ರಸ್ತೆ ನೋಡುತ್ತಾ ಕೂರುತ್ತಾರೆ. ಊರಲ್ಲಿ ತೋಟದ ಕೆಲಸ ಮಾಡಿದ ಮನುಷ್ಯ. ಇಲ್ಲಿ ಕೈಗೆ ಕೆಲಸ ಇಲ್ಲ.

ದೊಡ್ಡ ಮಗಳಿಗೆ ಒಂಬತ್ತು. ಕಲ್ಲು ಕೂಡಿಡುವ ಹುಚ್ಚು. ಚಿಕ್ಕವನಿಗೆ ಐದು. ದುಡ್ಡು ಕೊಟ್ಟು ಒಳಗೆ ಹೋದರೆ ಸಿಕ್ಕ ವಜ್ರ ನಮ್ಮದೇ ಅಂತಾರೆ, ನಿಜಾನಾ? ಅಥವಾ ಮೊದಲೇ ನಾಲ್ಕು ಕಲ್ಲು ಚೆಲ್ಲಿಟ್ಟು ಮಕ್ಕಳನ್ನು ಖುಷಿಪಡಿಸುವ ಜಾಗಾನಾ? ಅಮ್ಮನಿಗೆ ಮಂಡಿ ನೋವು ಬೇರೆ. ಏಪ್ರಿಲ್‌ನಲ್ಲಿ ಹೋಗೋಣ ಅಂದುಕೊಂಡಿದ್ದೇವೆ.

ಹೊಲದ_ಹುಳ:
ನಿಜ. ಸಿಕ್ಕಿದ್ದು ನಿಮ್ಮದೇ. ಅರ್ಧ ಕ್ಯಾರೆಟ್ ಸಿಗಲಿ, ಒಂಬತ್ತು ಕ್ಯಾರೆಟ್ ಸಿಗಲಿ, ಪಾರ್ಕಿನವರು ಪಾಲು ಕೇಳುವುದಿಲ್ಲ. ತೂಕ ಮಾಡಿ, ಬಣ್ಣ ಬರೆದು, ಒಂದು ಚೀಟಿ ಕೊಟ್ಟು ಕಳಿಸುತ್ತಾರೆ. ಅದಕ್ಕೂ ದುಡ್ಡಿಲ್ಲ. ಬೇಕಾದರೆ ವಜ್ರಕ್ಕೆ ನೀವೇ ಒಂದು ಹೆಸರಿಡಬಹುದು.

ಕಲ್ಲು ಯಾರೂ ಚೆಲ್ಲಿಡುವುದಿಲ್ಲ. ಅದು ಹಳೇ ಜ್ವಾಲಾಮುಖಿಯ ಬಾಯಿ. ಮೇಲ್ಭಾಗ ಸವೆದು ಹೊಲವಾಗಿದೆ. ಸುಮಾರು 37 ಎಕರೆ. ಆಗಾಗ ಟ್ರ್ಯಾಕ್ಟರ್ ಬಿಟ್ಟು ಉಳುತ್ತಾರೆ, ಕೆಳಗಿನ ಮಣ್ಣು ಮೇಲೆ ಬರಲಿ ಅಂತ. ದೂರದಿಂದ ನೋಡಿದರೆ ಬಿತ್ತನೆಗೆ ಹದ ಮಾಡಿದ ಹೊಲವೇ. ನಿಮ್ಮ ಅಪ್ಪನಿಗೆ ಗೇಟು ದಾಟಿದ ಕೂಡಲೇ ಊರಿಗೆ ಬಂದ ಹಾಗಾಗುತ್ತದೆ, ನೋಡಿ.

1906ರ ಆಗಸ್ಟ್‌ನಲ್ಲಿ ಆ ಜಮೀನಿನ ರೈತ ಜಾನ್ ಹಡಲ್‌ಸ್ಟನ್ ಅವರಿಗೆ ಮೊದಲು ಎರಡು ಹರಳು ಸಿಕ್ಕಿದವು. ಆಮೇಲೆ ಕಂಪನಿಗಳು ಬಂದವು, ಯಂತ್ರ ಹಾಕಿದವು, ಲಾಭ ಕಾಣದೆ ಹೋದವು. ಐವತ್ತು-ಅರವತ್ತರ ದಶಕದಲ್ಲಿ ಖಾಸಗಿಯವರು ಟಿಕೆಟ್ ಇಟ್ಟು ಪ್ರವಾಸಿಗಳನ್ನು ಬಿಡುತ್ತಿದ್ದರು. 1972ರಲ್ಲಿ ಆರ್ಕನ್ಸಾ ರಾಜ್ಯವೇ ಏಳೂವರೆ ಲಕ್ಷ ಡಾಲರ್ ಕೊಟ್ಟು ಕೊಂಡು ಪಾರ್ಕ್ ಮಾಡಿತು.

ಡಲ್ಲಾಸಿಂದ ಮೂರೂವರೆ, ನಾಲ್ಕು ಗಂಟೆ ದಾರಿ. ಐ-30 ಹೆದ್ದಾರಿ ಹಿಡಿದು ಟೆಕ್ಸರ್ಕಾನಾ ದಾಟಿ ಹೋಗಬೇಕು. ಟಿಕೆಟ್ ದೊಡ್ಡವರಿಗೆ ಹದಿನೈದು ಡಾಲರ್ ಆಸುಪಾಸು. ಚಿಕ್ಕವನಿಗೆ ಐದು ಅಂದರೆ ಅವನು ಫ್ರೀ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಸ್ಪ್ರಿಂಗ್ ಬ್ರೇಕ್, ಲಾಂಗ್ ವೀಕೆಂಡ್ ಆದರೆ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ.

ಹುಡುಕುವ ವಿಧಾನ ಮೂರು.

ಸುಮ್ನೆ ನಡೆಯುತ್ತಾ ನೆಲ ನೋಡುವುದು ಒಂದು. ಒಳ್ಳೇ ಮಳೆ ಬಿದ್ದ ಮಾರನೇ ದಿನ ಬಿಸಿಲು ಬಂದರೆ ಇದಕ್ಕಿಂತ ಬೇರೆ ಬೇಡ. ಮಳೆ ಮಣ್ಣನ್ನು ತೊಳೆದು ಹರಳನ್ನು ಮೇಲೆ ಬಿಟ್ಟಿರುತ್ತದೆ. ವಜ್ರಕ್ಕೆ ಕೆಸರು ಮೆತ್ತಿಕೊಳ್ಳುವುದಿಲ್ಲ, ಅದಕ್ಕೇ ಬಿಸಿಲಿಗೆ ಮಿಂಚುತ್ತದೆ. 2024ರ ಜನವರಿಯಲ್ಲಿ ಫ್ರಾನ್ಸಿನಿಂದ ಬಂದವರೊಬ್ಬರಿಗೆ 7.46 ಕ್ಯಾರೆಟ್ ಕಂದು ವಜ್ರ ಸಿಕ್ಕಿತಲ್ಲ, ಆಗಲೂ ಹೊಲ ಮಳೆಯಲ್ಲಿ ನೆಂದಿತ್ತು.

ಎರಡನೆಯದು ಒಣ ಮಣ್ಣನ್ನು ಜರಡಿ ಹಿಡಿಯುವುದು. ಅಲ್ಲಿನ ಮಣ್ಣು ಜಿಗಟು. ಪೂರ್ತಿ ಒಣಗಿದ್ದರೆ ಮಾತ್ರ ಆಗುತ್ತದೆ.

ಮೂರನೆಯದು ನೀರಲ್ಲಿ ಜರಡಿ. ಇದು ನಿಮ್ಮ ಅಮ್ಮನ ಕೆಲಸ, ಬರೆದಿಟ್ಟುಕೊಳ್ಳಿ. ಚಾವಣಿ ಹಾಕಿದ ಜಾಗದಲ್ಲಿ ಉದ್ದಕ್ಕೆ ನೀರಿನ ತೊಟ್ಟಿ ಇವೆ. ಮಂಡಿ ಊರಬೇಕಾಗಿಲ್ಲ, ನಿಂತೇ ಮಾಡಬಹುದು. ಎರಡು ಜರಡಿ ಒಂದರ ಮೇಲೊಂದು. ಮೇಲಿನದು ದೊಡ್ಡ ಕಣ್ಣು, ಕೆಳಗಿನದು ಸಣ್ಣ ಕಣ್ಣು. ಮಣ್ಣು ಕರಗಿ ಹೋಗುವವರೆಗೆ ತೊಳೆಯಿರಿ. ಮೇಲಿನದರಲ್ಲಿ ಉಳಿದ ಕಲ್ಲನ್ನು ಒಮ್ಮೆ ನೋಡಿ ಚೆಲ್ಲಿ. ಕೆಳಗಿನ ಜರಡಿಯನ್ನು ನೀರಲ್ಲಿ ಮುಳುಗಿಸಿ, ಕುಲುಕಿ, ಕಾಲು ಸುತ್ತು ತಿರುಗಿಸಿ, ಮತ್ತೆ ಕುಲುಕಿ. ನಮ್ಮ ಹೆಂಗಸರು ಅಕ್ಕಿ ಗಾಳಿಸುತ್ತಾರಲ್ಲ, ಅದೇ ಕೈ. ಭಾರದ ಹರಳು ತಳಕ್ಕೆ ಇಳಿದು ನಡುವೆ ಸೇರುತ್ತದೆ. ಆಮೇಲೆ ಜರಡಿಯನ್ನು ಒಂದೇ ಸಲಕ್ಕೆ ಬೋರಲು ಹಾಕಬೇಕು. ಈಗ ತಳದಲ್ಲಿದ್ದದ್ದು ಮೇಲೆ ಬರುತ್ತದೆ. ನಡುವಿನ ಒಂದು ಹಿಡಿಯಷ್ಟನ್ನು ಸರಿಯಾಗಿ ನೋಡಿ. ಅಂಚಿನದನ್ನು ನೋಡುತ್ತಾ ಕೂತರೆ ಸಂಜೆಯಾಗುತ್ತದೆ.

ಬಕೆಟ್, ಸಲಿಕೆ, ಜರಡಿ ಎಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಮನೆಯಿಂದಲೂ ಒಯ್ಯಬಹುದು. ಬ್ಯಾಟರಿ, ಮೋಟಾರು ಇರುವುದು ಏನೂ ಒಳಗೆ ಬಿಡುವುದಿಲ್ಲ. ಐದು ಗ್ಯಾಲನ್ ಬಕೆಟ್ ಪೂರ್ತಿ ತುಂಬಬೇಡಿ. ಒದ್ದೆ ಮಣ್ಣು, ಸೊಂಟ ಹಿಡಿಯುತ್ತದೆ.

ಲೆಕ್ಕದ_ಮೇಷ್ಟ್ರು:
ಎಲ್ಲರ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು. 1972ರಿಂದ ಈಚೆಗೆ ಅಲ್ಲಿ ಜನರಿಗೆ ಸಿಕ್ಕ ವಜ್ರ 35 ಸಾವಿರಕ್ಕೂ ಜಾಸ್ತಿ. ಕೇಳಲು ಭಾರಿ ಅನ್ನಿಸುತ್ತದೆ. ದಿನಕ್ಕೆ ಭಾಗಿಸಿದರೆ ಒಂದೋ ಎರಡೋ. ಆ ಒಂದೆರಡು ಕೂಡ ದಿನಾ ಬರುವ ಪಳಗಿದ ಕೈಗಳಿಗೇ ಹೆಚ್ಚು ಸಿಗುವುದು. ಹೊಸಬರಿಗೆ ಉಳಿಯುವುದೆಷ್ಟು?

ಇನ್ನು ಗಾತ್ರ. ಸಾಮಾನ್ಯವಾಗಿ ಕಾಲು ಕ್ಯಾರೆಟ್ ಆಸುಪಾಸು. ಬೆಂಕಿಕಡ್ಡಿಯ ತಲೆಯಷ್ಟು. ಹರಳು ಕೊಯ್ದು ಮೆರುಗು ಕೊಡುವಾಗ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. 1924ರಲ್ಲಿ ಅಲ್ಲೇ ಸಿಕ್ಕ ಅಂಕಲ್ ಸ್ಯಾಮ್ ವಜ್ರ ಅಮೆರಿಕದಲ್ಲೇ ದೊಡ್ಡದು, 40.23 ಕ್ಯಾರೆಟ್. ಕೊಯ್ದ ಮೇಲೆ ಉಳಿದದ್ದು 12.42. 1990ರ ಸ್ಟ್ರಾನ್-ವ್ಯಾಗ್ನರ್ ವಜ್ರ 3.03 ಇದ್ದದ್ದು 1.09 ಆಯಿತು. ಅದೇನೋ ಒಂದೂ ದೋಷವಿಲ್ಲದ್ದು ಅಂತ ಹೆಸರಾಯಿತು, ಪಾರ್ಕಿನಲ್ಲೇ ಇಟ್ಟಿದ್ದಾರೆ. ಆದರೆ ಅಂಥದ್ದು ಎಲ್ಲರ ಹಣೆಯಲ್ಲೂ ಬರೆದಿರುತ್ತದಾ?

ಆರು ಜನ, ಟಿಕೆಟ್, ಗ್ಯಾಸು, ಮೋಟೆಲ್, ಜರಡಿ ಬಾಡಿಗೆ. ಆ ದುಡ್ಡಿಗೆ ಅಂಗಡಿಯಲ್ಲಿ ಮೂಗುಬೊಟ್ಟು ಬರುತ್ತದೆ ಸ್ವಾಮಿ.

ಪ್ಲೇನೋ_ಪದ್ದಕ್ಕ:
ಮೇಷ್ಟ್ರೇ, ಮಕ್ಕಳನ್ನು ಸಮುದ್ರ ನೋಡಲು ಕರೆದುಕೊಂಡು ಹೋಗುವಾಗ ಎಷ್ಟು ಮೀನು ಸಿಗುತ್ತದೆ ಅಂತ ಲೆಕ್ಕ ಹಾಕುತ್ತೀರಾ? 😀

ಲೆಕ್ಕದ_ಮೇಷ್ಟ್ರು:
ಗಾಳ ಬಾಡಿಗೆಗೆ ತಗೊಂಡರೆ ಹಾಕುತ್ತೇನೆ.

ಬಳ್ಳಾರಿ_ಬಿಸಿಲು:
ಇದನ್ನು ಓದಿ ನಗು ಬಂತು. ವಜ್ರ ಹುಡುಕಲು ಆರ್ಕನ್ಸಾಕ್ಕೆ ಹೋಗಬೇಕಾ? ನಮ್ಮ ಬಳ್ಳಾರಿಯಿಂದ ಗುಂತಕಲ್ ಕಡೆ ಬನ್ನಿ. ವಜ್ರಕರೂರು, ಜೊನ್ನಗಿರಿ, ತುಗ್ಗಲಿ, ಮದ್ದಿಕೆರೆ. ಗಡಿ ದಾಟಿದರೆ ಆಂಧ್ರ, ಅಷ್ಟೇ. ಮುಂಗಾರಿನ ಮೊದಲ ಮಳೆ ಬಿತ್ತು ಅಂದರೆ ಜೂನ್‌ನಲ್ಲಿ ಜಾತ್ರೆ. ಬುತ್ತಿ ಕಟ್ಟಿಕೊಂಡು, ಹೆಂಡತಿ ಮಕ್ಕಳ ಸಮೇತ ಬರುತ್ತಾರೆ. ನಮ್ಮ ಕಡೆಯಿಂದಲೂ ಹೋಗುತ್ತಾರೆ. ಮರದ ಕೆಳಗೆ, ಗುಡಿ ಕಟ್ಟೆ ಮೇಲೆ ಮಲಗುತ್ತಾರೆ. ಬೆಳಕು ಹರಿಯುತ್ತಲೇ ತಲೆ ತಗ್ಗಿಸಿ ಹೊಲದಲ್ಲಿ ಸಾಲು ಹಿಡಿದು ನಡೆಯುವುದೇ.

ನಮ್ಮ ಸೋದರಮಾವ ಪ್ರತಿ ವರ್ಷ ಹೋಗುತ್ತಾರೆ. ಒಮ್ಮೆ ಒಂದು ಹರಳು ಸಿಕ್ಕಿತ್ತು. ಆಮೇಲೆ ನಡೆದದ್ದು ಕೇಳಿ. ಅಲ್ಲಿ ವಜ್ರ ಸಿಕ್ಕರೆ ಯಾರೂ ಕೂಗುವುದಿಲ್ಲ. ಬೀಡಿ ಬೆಂಕಿಪೊಟ್ಟಣದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೂ ಒಂದು ತಾಸು ಹುಡುಕಿದ ಹಾಗೆ ನಾಟಕ ಮಾಡಿ, ಮೆಲ್ಲಗೆ ಜಾರಿಕೊಳ್ಳುವುದು. ವ್ಯಾಪಾರಿಯ ಆಳು ಅಲ್ಲೇ ಸುತ್ತುತ್ತಿರುತ್ತಾನೆ. ಅವನು ಹೇಳಿದ್ದೇ ರೇಟು. ರಸೀದಿ ಇಲ್ಲ, ಏನಿಲ್ಲ. ಮಾವ ಆ ದುಡ್ಡಲ್ಲಿ ಎರಡು ಎಮ್ಮೆ ತಂದರು. ಅದರ ನಿಜವಾದ ಬೆಲೆ ಎಷ್ಟಿತ್ತೋ ದೇವರಿಗೇ ಗೊತ್ತು. ಹೊಲದ ರೈತರ ಗೋಳು ಬೇರೆ. ಬಿತ್ತನೆ ಹೊತ್ತಿಗೆ ಊರು ಜನ ತುಳಿದುಹಾಕುತ್ತಾರೆ. ಈಚೆಗೆ ಕೆಲವರು ಒಳಗೆ ಬರಬೇಡಿ ಅಂತ ಬೋರ್ಡ್ ಹಾಕಿದ್ದಾರೆ.

ಆರ್ಕನ್ಸಾದಲ್ಲಿ ಸಿಕ್ಕವನು ಕೌಂಟರ್‌ಗೆ ಹೋಗಿ ತೂಕ ಮಾಡಿಸಿ, ಪೇಪರಿನಲ್ಲಿ ಫೋಟೋ ಹಾಕಿಸಿಕೊಳ್ಳುತ್ತಾನೆ. ಆ ಒಂದು ವಿಷಯಕ್ಕೆ ಹೊಟ್ಟೆ ಉರಿಯುತ್ತದೆ.

ಹೊಲದ_ಹುಳ:
ಬಳ್ಳಾರಿಯವರೇ, ಇದಕ್ಕೆ ಹಳೇ ಇತಿಹಾಸ ಇದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ಬರೆದಿದ್ದಾನೆ. ವಜ್ರದ ಗಣಿ ಇದ್ದ ಸೀಮೆಯ ನಾಯಕ ಅರಸನಿಗೆ ವರ್ಷಕ್ಕೆ 40 ಸಾವಿರ ಪರ್ದಾವ್ (ಆಗಿನ ಚಿನ್ನದ ನಾಣ್ಯ) ಕಟ್ಟಬೇಕಿತ್ತು. ಅದರ ಮೇಲೆ ಇಪ್ಪತ್ತು ಮಾಂಗೆಲಿನ್ ತೂಕಕ್ಕಿಂತ ದೊಡ್ಡ ವಜ್ರ ಸಿಕ್ಕರೆ ನೇರ ಅರಸನ ಬೊಕ್ಕಸಕ್ಕೆ. ಚಿಕ್ಕದು ನಿನಗೆ, ದೊಡ್ಡದು ನನಗೆ. ಆರ್ಕನ್ಸಾದಲ್ಲಿ ಆ ಎರಡನೇ ಭಾಗ ಇಲ್ಲ, ಅದೇ ಅದರ ಮಜಾ.

ಪನ್ನಾ_ದಾರಿ:
ಇಂಡಿಯಾದಲ್ಲಿ ಕಾನೂನು ಪ್ರಕಾರವೇ ಹುಡುಕಬೇಕು ಅಂದರೆ ಮಧ್ಯಪ್ರದೇಶದ ಪನ್ನಾ ಇದೆ. ನಾನು ಕೆಲಸದ ಮೇಲೆ ಆ ಕಡೆ ಇದ್ದೆ. ಜಿಲ್ಲೆಯ ವಜ್ರ ಕಚೇರಿಯಲ್ಲಿ ಒಂದು ಸಣ್ಣ ಶುಲ್ಕ ಕಟ್ಟಿ ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲದ ಜಾಗ ಹಿಡಿಯಬಹುದು. ಸಿಕ್ಕ ವಜ್ರವನ್ನು ಕಚೇರಿಗೇ ಕೊಡಬೇಕು. ಅವರು ಹರಾಜು ಹಾಕಿ, ಸರ್ಕಾರದ ಪಾಲು ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. 2024ರ ಜುಲೈನಲ್ಲಿ ಅಲ್ಲಿ ಒಬ್ಬ ಕೂಲಿ ಕೆಲಸಗಾರನಿಗೆ 19.22 ಕ್ಯಾರೆಟ್ ಸಿಕ್ಕಿತು. ಸುದ್ದಿ ಓದಿದವರು ಎಲ್ಲ ಬಿಟ್ಟು ಪನ್ನಾಕ್ಕೆ ಹೊರಡಬೇಡಿ. ಸಾಲ ಮಾಡಿ ಅಗೆದು, ಗುಂಡಿ ಬಿಟ್ಟು ಹೋದವರನ್ನೂ ಕಂಡಿದ್ದೇನೆ. ಅದು ಪಿಕ್ನಿಕ್ ಅಲ್ಲ, ಅವರಿಗೆ ಹೊಟ್ಟೆಪಾಡು.

ಸುಳ್ಯ_ಮಳೆ:
ನಮ್ಮ ಸುಬ್ರಹ್ಮಣ್ಯ, ಕಡಮಕಲ್ಲು ಕಾಡಿನಲ್ಲೂ ಹರಳುಕಲ್ಲು ಇದೆಯಲ್ಲ. ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಾಗ ಅಲ್ಲಿ ಹುಡುಕಬಹುದಾ ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಬೇಡವೇ ಬೇಡ. ಅದು ರಕ್ಷಿತ ಕಾಡು. ಹರಳುಕಲ್ಲು ದಂಧೆಯವರು ರಾತ್ರಿ ಅಗೆದು ಗುಡ್ಡ ಟೊಳ್ಳು ಮಾಡಿದ್ದಾರೆ, ಕೇಸುಗಳೂ ಆಗಿವೆ.

ಶಿಲೆ_ಸಾಲು:
ಭೂವಿಜ್ಞಾನ ಓದಿದವಳು ನಾನು. ಎರಡು ಮಾತು ಸೇರಿಸುತ್ತೇನೆ. ವಜ್ರಕರೂರಿನ ಕಲ್ಲಿಗೂ ಆರ್ಕನ್ಸಾದ ಕಲ್ಲಿಗೂ ವ್ಯತ್ಯಾಸ ಇದೆ. ವಜ್ರಕರೂರಿನದು ಕಿಂಬರ್ಲೈಟ್ ಅನ್ನುವ ಜ್ವಾಲಾಮುಖಿ ಶಿಲೆ, ಸುಮಾರು 110 ಕೋಟಿ ವರ್ಷ ಹಳೆಯದು. ಆರ್ಕನ್ಸಾದ್ದು ಲ್ಯಾಂಪ್ರೊಯಿಟ್ ಅನ್ನುವ ಇನ್ನೊಂದು ಜಾತಿ, ಸುಮಾರು 10 ಕೋಟಿ ವರ್ಷ. ಆಸ್ಟ್ರೇಲಿಯಾದಲ್ಲಿ 2020ರಲ್ಲಿ ಮುಚ್ಚಿದ ಆರ್ಗೈಲ್ ಗಣಿಯೂ ಲ್ಯಾಂಪ್ರೊಯಿಟ್ ಜಾತಿಯದೇ. ವಜ್ರ ಇಲ್ಲಿ ಹುಟ್ಟಿದ್ದಲ್ಲ. 150 ಕಿಲೋಮೀಟರಿಗಿಂತ ಆಳದಲ್ಲಿ ಎಂದೋ ಹುಟ್ಟಿ ಕೂತಿತ್ತು. ಈ ಶಿಲಾರಸ ಮೇಲಕ್ಕೆ ನುಗ್ಗುವಾಗ ಅದನ್ನೂ ಎಳೆದುಕೊಂಡು ಬಂತು, ಅಷ್ಟೇ.

ಇದನ್ನು ಯಾಕೆ ಹೇಳಿದೆ ಅಂದರೆ ಹುಡುಕುವವರಿಗೆ ಉಪಯೋಗ ಇದೆ. ದಾರಿಯಲ್ಲಿ ಆ ಬಿಸಿ ರಸ ವಜ್ರದ ಮೂಲೆಗಳನ್ನು ಸ್ವಲ್ಪ ಕರಗಿಸಿರುತ್ತದೆ. ಅದಕ್ಕೇ ಆರ್ಕನ್ಸಾದ ವಜ್ರಗಳಿಗೆ ಚೂಪು ಅಂಚು ಕಡಿಮೆ. ದುಂಡಗೆ, ನುಣ್ಣಗೆ, ಎಣ್ಣೆ ಸವರಿದ ಹಾಗೆ ಇರುತ್ತವೆ. ಚೂಪು ಮೂಲೆ, ಸ್ಫಟಿಕದ ಹಾಗೆ ಆರು ಮುಖ, ಗಾಜಿನ ಹೊಳಪು ಕಂಡರೆ ಅದು ಕ್ವಾರ್ಟ್ಸ್, ಅಂದರೆ ಬೆಣಚುಕಲ್ಲು. ಹೊಲದಲ್ಲಿ ಅದು ಬೇಕಾದಷ್ಟಿದೆ. ವಜ್ರದ ಹೊಳಪು ಬೇರೆ, ಲೋಹದ ಛಾಯೆ ಇರುತ್ತದೆ. ಬಿಳಿ ಜಾಸ್ತಿ ಸಿಗುತ್ತದೆ, ಆಮೇಲೆ ಕಂದು, ಆಮೇಲೆ ಹಳದಿ.

ತೂಕದ ಲೆಕ್ಕ ಕೂಡ ಇಷ್ಟೇ. ಕ್ವಾರ್ಟ್ಸ್ ನೀರಿಗಿಂತ 2.65 ಪಟ್ಟು ಭಾರ, ವಜ್ರ ಸುಮಾರು ಮೂರೂವರೆ ಪಟ್ಟು. ಆ ವ್ಯತ್ಯಾಸದಿಂದಲೇ ಜರಡಿಯ ನಡುವೆ ಸೇರುವುದು. ಅಲ್ಲೇ ಗಾರ್ನೆಟ್, ಬೆರೈಟ್, ಹೆಮಟೈಟ್ ಅನ್ನುವ ಭಾರದ ಖನಿಜಗಳೂ ಸೇರಿರುತ್ತವೆ. ನಡುವೆ ಕಪ್ಪು-ಕೆಂಪು ಕಾಳುಗಳು ಗುಂಪಾಗಿ ಕಂಡರೆ ನಿಮ್ಮ ಕೈ ಸರಿಯಾಗಿದೆ ಅಂತ ಅರ್ಥ.

ಇನ್ನೊಂದು ಮಾತು. ದಯವಿಟ್ಟು ಸುತ್ತಿಗೆಯಿಂದ ಹೊಡೆದು ನೋಡಬೇಡಿ! ವಜ್ರಕ್ಕೆ ಗೀರು ಬೀಳುವುದಿಲ್ಲ ನಿಜ, ಪೆಟ್ಟು ಕೊಟ್ಟರೆ ಸೀಳುತ್ತದೆ. ಗಾಜಿನ ಮೇಲೆ ಗೀಚಿ ನೋಡುವುದೂ ಪ್ರಯೋಜನ ಇಲ್ಲ. ಕ್ವಾರ್ಟ್ಸ್ ಕೂಡ ಗಾಜು ಗೀಚುತ್ತದೆ. ಅನುಮಾನ ಬಂದದ್ದನ್ನೆಲ್ಲ ಕೌಂಟರ್‌ಗೆ ಒಯ್ಯಿರಿ. 2020ರಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರ್ ಗಾಜಿನ ಚೂರಿರಬೇಕು ಅಂದುಕೊಂಡೇ ಚೀಲಕ್ಕೆ ಹಾಕಿದ್ದರು. ಅದು 9.07 ಕ್ಯಾರೆಟ್ ವಜ್ರ. ಪಾರ್ಕ್ ಆದ ಮೇಲೆ ಸಿಕ್ಕಿದ್ದರಲ್ಲಿ ಎರಡನೇ ದೊಡ್ಡದು. ಮೊದಲನೆಯದು 1975ರದು, 16.37 ಕ್ಯಾರೆಟ್.

ಫ್ರಿಸ್ಕೊ_ದಾವಣಗೆರೆ:
ಅಬ್ಬಾ, ಇಷ್ಟೊಂದು ಮಾಹಿತಿ! ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಮಣ್ಣು ಎಂಥದ್ದು, ಎರೆಯಾ, ಕೆಂಪಾ ಅಂತ ಕೇಳಿದರು. ಬಂದಾಗಿನಿಂದ ಅವರು ಕೇಳಿದ ಮೊದಲ ಪ್ರಶ್ನೆ ಇದು.

ಊಟಕ್ಕೆ ಏನು ಮಾಡುತ್ತೀರಿ? ಮತ್ತೆ ಒಂದು ಪೆದ್ದು ಪ್ರಶ್ನೆ. ಅಕಸ್ಮಾತ್ ಸಿಕ್ಕೇಬಿಟ್ಟರೆ ಅಮ್ಮ ಊರಿಗೆ ಒಯ್ಯಬಹುದಾ? ದಾವಣಗೆರೆಯ ನಮ್ಮ ಚಿನಿವಾರರ ಹತ್ತಿರ ಉಂಗುರ ಮಾಡಿಸಬೇಕು ಅಂತ ಈಗಲೇ ಪ್ಲಾನ್ ಆಗಿದೆ.

ಹೊಲದ_ಹುಳ:
ಮರ್ಫ್ರೀಸ್‌ಬರೊ ಒಂದೂವರೆ ಸಾವಿರ ಜನರ ಊರು. ಅನ್ನ-ಸಾರು ಹುಡುಕಿದರೆ ವಜ್ರವೇ ಬೇಗ ಸಿಗಬಹುದು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಮೊಸರನ್ನ ಕೂಲರ್‌ನಲ್ಲಿ. ಹೊಲದಲ್ಲಿ ನೆರಳು ಕಡಿಮೆ, ಟೋಪಿ ಬೇಕೇ ಬೇಕು. ನೀರು ಜಾಸ್ತಿ ಒಯ್ಯಿರಿ. ಬದಲಿ ಬಟ್ಟೆ, ಚಪ್ಪಲಿ ಕಾರಿನಲ್ಲಿರಲಿ. ಆ ಮಣ್ಣು ಬೂಟಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ. ಅಮ್ಮನಿಗೆ ಸೀರೆ ಬೇಡ, ಚೂಡಿದಾರ ಹಾಕಿಸಿ. ಮಕ್ಕಳಿಗೆ ಬೇಜಾರಾದರೆ ಬೇಸಿಗೆಯಲ್ಲಿ ಪಕ್ಕದಲ್ಲೇ ನೀರಾಟದ ಜಾಗ ತೆರೆದಿರುತ್ತದೆ, ಏಪ್ರಿಲ್‌ನಲ್ಲಿ ಇರುವುದಿಲ್ಲ.

ಕಸ್ಟಮ್ಸ್_ಕಾಕಾ:
ಪ್ರಶ್ನೆ ಪೆದ್ದು ಅಲ್ಲ, ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಕೊಯ್ಯದ ಕಚ್ಚಾ ವಜ್ರವನ್ನು ದೇಶ ದಾಟಿಸಲು ಕಿಂಬರ್ಲಿ ಪ್ರಕ್ರಿಯೆಯ ಸರ್ಟಿಫಿಕೇಟ್ ಬೇಕು. 2003ರಿಂದ ಇದೆ. ಅಮೆರಿಕ, ಇಂಡಿಯಾ ಎರಡೂ ಅದರಲ್ಲಿವೆ. ಯುದ್ಧಕ್ಕೆ ದುಡ್ಡಾಗುವ ವಜ್ರಗಳನ್ನು ತಡೆಯಲು ಮಾಡಿದ್ದು. ಆದರೆ ನಿಮ್ಮ ಅಮ್ಮನ ಪರ್ಸಿನಲ್ಲಿರುವ ಬೆಂಕಿಕಡ್ಡಿ ತಲೆಯಷ್ಟು ಕಲ್ಲಿಗೂ ಅದೇ ನಿಯಮ. ಪಾರ್ಕಿನ ಚೀಟಿ ಆ ಸರ್ಟಿಫಿಕೇಟ್ ಅಲ್ಲ. ಇಲ್ಲೇ ಕೊಯ್ಯಿಸಿ, ಮೆರುಗು ಕೊಡಿಸಿ ಒಯ್ದರೆ ಈ ತಾಪತ್ರಯ ಇಲ್ಲ. ಒಡವೆ ಅಂತ ಇಂಡಿಯಾದ ಕಸ್ಟಮ್ಸ್ ನಿಯಮ ಮಾತ್ರ ನೋಡಿಕೊಂಡರೆ ಸಾಕು.

ಮತ್ತೆ, ಇಲ್ಲಿನ ಟ್ಯಾಕ್ಸ್ ಕಾನೂನಿನಲ್ಲಿ ಸಿಕ್ಕ ನಿಧಿಯೂ ಆದಾಯವೇ. ದೊಡ್ಡದು ಸಿಕ್ಕರೆ ಸಿಪಿಎ (ಟ್ಯಾಕ್ಸ್ ಲೆಕ್ಕ ನೋಡುವವರು) ಹತ್ತಿರ ಮಾತಾಡಿ.

ಇರ್ವಿಂಗ್_ಬ್ಯಾಚುಲರ್:
ಎಚ್-ಒನ್‌ಬಿ ಕೆಲಸದ ವೀಸಾದಲ್ಲಿ ಇರುವವನು ವಜ್ರ ಹುಡುಕಿದರೆ ಅದು ಎರಡನೇ ಕೆಲಸ ಆಗುತ್ತದಾ? ಕೇಳುತ್ತಿರುವುದು ಸ್ನೇಹಿತನಿಗೋಸ್ಕರ.

ಪ್ಲೇನೋ_ಪದ್ದಕ್ಕ:
ನಿಮ್ಮ ಸ್ನೇಹಿತ ಮೊದಲು ಒಂದು ಹುಡುಕಲಿ. ಆಮೇಲೆ ವೀಸಾ, ಹುಡುಗಿ ಎರಡೂ ನೋಡೋಣ.

ಫ್ರಿಸ್ಕೊ ಅವರೇ, ಒಂದು ಸಲಹೆ. ಐದು ವರ್ಷದ ಮಗುವಿಗೆ ದಿನಪೂರ್ತಿ ಏನೂ ಸಿಗದಿದ್ದರೆ ಅಳು ಶುರುವಾಗುತ್ತದೆ. ಹೋಗುವಾಗಲೇ ವಜ್ರ ವಜ್ರ ಅಂತ ತಲೆಗೆ ತುಂಬಬೇಡಿ. ಆ ಹೊಲದಲ್ಲಿ ಜ್ಯಾಸ್ಪರ್, ಅಗೇಟ್, ಕ್ವಾರ್ಟ್ಸ್, ಅಮೆಥಿಸ್ಟ್ ಎಲ್ಲ ಇದೆ. ಕೆಂಪು ಜ್ಯಾಸ್ಪರ್ ಒದ್ದೆ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಗೊತ್ತಾ. ನಾನು ಮೊಟ್ಟೆ ಟ್ರೇ ಒಯ್ದಿದ್ದೆ. ಒಂದೊಂದು ಗುಂಡಿಗೆ ಒಂದೊಂದು ಬಣ್ಣದ ಕಲ್ಲು ತುಂಬಿಸು ಅಂದೆ. ಮಧ್ಯಾಹ್ನದವರೆಗೆ ಸದ್ದಿಲ್ಲ.

ಇನ್ನೂ ಒಂದು ದಿನ ಇದ್ದರೆ ಹಾಟ್ ಸ್ಪ್ರಿಂಗ್ಸ್ ಪಕ್ಕದ ಮೌಂಟ್ ಐಡಾ ಕಡೆ ಹೋಗಿ. ಅಲ್ಲಿ ದುಡ್ಡು ಕೊಟ್ಟು ಕ್ವಾರ್ಟ್ಸ್ ಸ್ಫಟಿಕ ಅಗೆಯುವ ಗಣಿಗಳಿವೆ. ಬೆರಳುದ್ದದ್ದು ಕೈಗೆ ಬರುತ್ತದೆ. ಬರಿಗೈಯಲ್ಲಿ ಬಂದವರನ್ನು ನಾನು ಕಂಡಿಲ್ಲ.

ರ‍್ಯಾಲಿ_ರಂಗಣ್ಣ:
ನಾರ್ತ್ ಕ್ಯಾರೊಲೈನಾದ ಫ್ರಾಂಕ್ಲಿನ್ ಕಡೆಯೂ ಮಾಣಿಕ್ಯ, ನೀಲ ಹುಡುಕಿಸುವ ಜಾಗಗಳಿವೆ. ಅಲ್ಲಿ ಬಕೆಟ್ ಮಣ್ಣು ಮಾರುತ್ತಾರೆ. ಕೆಲವು ಕಡೆ ಅಲ್ಲಿನದೇ ಮಣ್ಣು. ಬಹಳ ಕಡೆ ಬೇರೆ ದೇಶದ ಅಗ್ಗದ ಕಲ್ಲು ಬೆರೆಸಿರುತ್ತಾರೆ. ನಮ್ಮ ಮಗನ ಬಕೆಟ್‌ನಲ್ಲಿ ಪಚ್ಚೆ, ಮಾಣಿಕ್ಯ, ಟೋಪಾಜ್ ಎಲ್ಲ ಒಟ್ಟಿಗೆ ಬಂತು. ಯಾವ ಗುಡ್ಡದಲ್ಲಿ ಇಷ್ಟೆಲ್ಲ ಒಂದೇ ಕಡೆ ಇರುತ್ತದೆ ಸ್ವಾಮಿ? ಅವನಿಗೆ ಖುಷಿಯೋ ಖುಷಿ. ನಾನು ಬಾಯಿ ಮುಚ್ಚಿಕೊಂಡೆ.

ಶಿಲೆ_ಸಾಲು:
ಒಳ್ಳೆಯದು ಮಾಡಿದಿರಿ. ಹತ್ತು ವರ್ಷ ಆದ ಮೇಲೆ ಹೇಳಿ.

ಲೆಕ್ಕದ_ಮೇಷ್ಟ್ರು:
ನನ್ನ ಲೆಕ್ಕ ಯಾರೂ ತಪ್ಪು ಅನ್ನಲಿಲ್ಲ, ಗಮನಿಸಿ. ದೊಡ್ಡ ದೊಡ್ಡ ಕಂಪನಿಗಳೇ ಆ ಹೊಲದಲ್ಲಿ ಗಣಿ ನಡೆಸಿ ಕೈ ಸುಟ್ಟುಕೊಂಡವು. ತೊಂಬತ್ತರ ದಶಕದಲ್ಲಿ ಮತ್ತೆ ಕೊರೆದು ನೋಡಿ, ಗಿಟ್ಟುವುದಿಲ್ಲ ಅಂತ ವಾಪಸ್ ಹೋದರು. ಗಣಿ ಮಾಡಿದರೆ ನಷ್ಟ, ಟಿಕೆಟ್ ಇಟ್ಟರೆ ಲಾಭ. ಈ ಐಡಿಯಾ ಮಾಡಿದವನ ತಲೆಯಲ್ಲೇ ವಜ್ರ ಇತ್ತು.

ಬಳ್ಳಾರಿ_ಬಿಸಿಲು:
ಮೇಷ್ಟ್ರೇ, ನಷ್ಟದ ಹೊಲ ಅಂತಾನೇ ಜನರಿಗೆ ಬಿಟ್ಟಿದ್ದಾರೆ. ಲಾಭ ಇದ್ದಿದ್ದರೆ ಬೇಲಿ ಹಾಕಿ ನಮ್ಮನ್ನು ಹತ್ತಿರ ಸೇರಿಸುತ್ತಿದ್ದರಾ?

ಫ್ರಿಸ್ಕೊ_ದಾವಣಗೆರೆ:
ಹೋಗಿ ಬಂದೆವು! ಉದ್ದ ಆಗುತ್ತದೆ, ಕ್ಷಮಿಸಿ.

ಹಿಂದಿನ ರಾತ್ರಿ ಮಳೆ ಬಂದಿತ್ತು. ನಾವು ಕುಣಿದಾಡಿದೆವು. ಗೇಟು ತೆರೆಯುವ ಹೊತ್ತಿಗೇ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಮುಂದೆ ಒಬ್ಬ ಅಜ್ಜ, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು, ಕೈಯಲ್ಲಿ ಒಂದು ಚಿಕ್ಕ ಟ್ರೋವೆಲ್ ಹಿಡಿದು ನಿಂತಿದ್ದರು. ಸಲಿಕೆ ಇಲ್ಲ, ಬಕೆಟ್ ಇಲ್ಲ. ಒಳಗೆ ಹೋದವರೇ ನೀರು ಹರಿದು ಕೊರೆದ ಒಂದು ಸಣ್ಣ ಕಾಲುವೆ ಪಕ್ಕ ಕೂತರು. ಮಧ್ಯಾಹ್ನದವರೆಗೆ ಅಲ್ಲಿಂದ ಹತ್ತು ಹೆಜ್ಜೆ ಕದಲಲಿಲ್ಲ. ಅಪ್ಪ ಅವರನ್ನೇ ನೋಡಿ ನೋಡಿ, ಕೊನೆಗೆ ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಅವರಿಗೆ ಕನ್ನಡ ಬರಲ್ಲ, ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸ್ವಲ್ಪ ಹೊತ್ತಿಗೆ ಆ ಅಜ್ಜ ಚೀಲದಿಂದ ಒಂದು ಔಷಧಿ ಸೀಸೆ ತೆಗೆದು ಅಪ್ಪನ ಅಂಗೈ ಮೇಲೆ ಬೋರಲು ಮಾಡಿದರು. ಕಂದು ಬಣ್ಣದ ಒಂದು ಕಾಳು. ಜೋಳದ ಕಾಳಿಗಿಂತ ಚಿಕ್ಕದು. ಅಪ್ಪ ಬೆರಳಲ್ಲಿ ಹೊರಳಿಸಿ, ಬಿಸಿಲಿಗೆ ಹಿಡಿದು, ಮೂಗಿನ ಹತ್ತಿರ ತಂದು ನೋಡಿದರು. ವಾಪಸ್ ಕೊಟ್ಟು ನನ್ನನ್ನು ಕೂಗಿ, ಇದನ್ನು ನೋಡಿಕೋ, ನೀನು ಬೆಳಿಗ್ಗೆಯಿಂದ ಆರಿಸಿದ್ದೆಲ್ಲ ಸುಮ್ನೆ ಕಲ್ಲು ಅಂದರು.

ಮಣ್ಣು ಎರೆಯೂ ಅಲ್ಲ, ಕೆಂಪೂ ಅಲ್ಲ. ಬೂದಿ ಹಸಿರು. ಒದ್ದೆಯಾದರೆ ಕಪ್ಪು. ಇದರಲ್ಲಿ ಏನೂ ಬೆಳೆಯಲ್ಲ ಅಂತ ಅಪ್ಪನ ತೀರ್ಮಾನ.

ಇನ್ನು ಅಮ್ಮ. ನಾನು ಯೂಟ್ಯೂಬ್ ನೋಡಿ ಕಲಿತುಕೊಂಡು ಹೋಗಿ ತೋರಿಸಿಕೊಟ್ಟೆ. ಜರಡಿ ಬೋರಲು ಹಾಕುವಾಗ ಅರ್ಧ ಕೆಳಗೆ ಚೆಲ್ಲಿತು. ಇಲ್ಲಿ ಕೊಡು ಅಂದರು. ಎರಡು ಸಲ ಕುಲುಕಿ, ತಿರುಗಿಸಿ, ಟಪ್ ಅಂತ ಬೋರಲು ಹಾಕಿದರು. ನಡುವೆ ಕಪ್ಪು-ಕೆಂಪು ಕಾಳುಗಳು ದುಂಡಗೆ ಕೂತಿದ್ದವು, ಶಿಲೆ_ಸಾಲು ಹೇಳಿದ ಹಾಗೇ. ಪಕ್ಕದ ತೊಟ್ಟಿಯ ಒಕ್ಲಹೋಮಾದ ಹೆಂಗಸು ಬಂದು ಇನ್ನೊಮ್ಮೆ ತೋರಿಸಿ ಅಂತ ಕೇಳಿದರು. ಆಮೇಲೆ ಅಮ್ಮನ ಸುತ್ತ ಒಂದು ಚಿಕ್ಕ ಕ್ಲಾಸೇ ನಡೆಯಿತು. ಮಂಡಿ ನೋವಿನ ಸುದ್ದಿ ಸಂಜೆ ಕಾರಿನಲ್ಲಿ ಕೂತ ಮೇಲೆ ಬಂತು.

ವಜ್ರ ಸಿಗಲಿಲ್ಲ. ಮಗಳು ಕೌಂಟರ್‌ಗೆ ಒಂದು ಡಬ್ಬಿ ತುಂಬ ಒಯ್ದಳು. ಅಲ್ಲಿನ ಹುಡುಗಿ ಒಂದೊಂದನ್ನೂ ಎತ್ತಿ ಹೆಸರು ಹೇಳಿದಳು. ಕ್ವಾರ್ಟ್ಸ್, ಕ್ವಾರ್ಟ್ಸ್, ಕ್ಯಾಲ್ಸೈಟ್, ಜ್ಯಾಸ್ಪರ್, ಮತ್ತೆ ಕ್ವಾರ್ಟ್ಸ್. ಒಂದು ಚೂರು ಮಾತ್ರ ಬಿಯರ್ ಬಾಟಲಿಯದು. ಚಿಕ್ಕವನಿಗೆ ಅದೇ ಇಷ್ಟವಾಯಿತು, ಯಾಕೆಂದರೆ ಹಸಿರು. ಪದ್ದಕ್ಕ, ಮೊಟ್ಟೆ ಟ್ರೇ ಐಡಿಯಾಗೆ ನಿಮಗೊಂದು ದೊಡ್ಡ ನಮಸ್ಕಾರ.

ಜರಡಿ ಹಿಡಿದ ಮಣ್ಣನ್ನು ತಲೆಗೆ ದಿನಕ್ಕೆ ಒಂದು ಐದು ಗ್ಯಾಲನ್ ಬಕೆಟ್ ಮನೆಗೆ ತರಬಹುದಂತೆ. ಗೊತ್ತಾದ ಕೂಡಲೇ ಅಪ್ಪ ಬಕೆಟ್‌ಗಳನ್ನು ತುಂಬಿಸಿ ಕಾರಿಗೆ ಹಾಕಿಸಿದರು. ಈಗ ಗ್ಯಾರೇಜ್‌ನಲ್ಲಿ ಟಾರ್ಪಾಲಿನ್ ಹಾಸಿ ಹರವಿದ್ದಾರೆ. ಅದೇ ಕುರ್ಚಿ, ಆದರೆ ರಸ್ತೆ ಕಡೆ ನೋಡುವುದಿಲ್ಲ. ಮಗಳ ಭೂತಗನ್ನಡಿ ಕಿತ್ತುಕೊಂಡಿದ್ದಾರೆ. ಹೆಂಡತಿ ಕಾರು ಹೊರಗೇ ನಿಲ್ಲಿಸುತ್ತಿದ್ದಾಳೆ.

ಈಗ ಪ್ರಶ್ನೆ. ಮನೆಯಲ್ಲಿ ಇದನ್ನು ನೋಡುವುದು ಹೇಗೆ? ತೊಳೆದ ನೀರು ಸಿಂಕಿಗೆ ಬಿಟ್ಟರೆ ಪೈಪು ಕಟ್ಟುತ್ತದಾ?

ಹೊಲದ_ಹುಳ:
ಸಿಂಕಿಗೆ ಬಿಡಲೇಬೇಡಿ. ಹಿತ್ತಲಲ್ಲಿ ಒಂದು ದೊಡ್ಡ ಟಬ್ ಇಡಿ, ನೀರನ್ನು ಹುಲ್ಲಿಗೆ ಚೆಲ್ಲಿ. ಮೊದಲು ಪೂರ್ತಿ ಒಣಗಿಸಿ. ಆಮೇಲೆ ಬಿಳಿ ತಟ್ಟೆಯಲ್ಲಿ ಒಂದು ಚಮಚದಷ್ಟು ಹಾಕಿ, ಬಿಸಿಲಿಗೆ ಹಿಡಿದು, ತಟ್ಟೆ ಓರೆ ಮಾಡುತ್ತಾ ನೋಡಿ. ತಿರುಗಿಸುವಾಗ ಕ್ವಾರ್ಟ್ಸ್ ಹೊಳಪು ಬಂದು ಹೋಗುತ್ತದೆ. ವಜ್ರದ್ದು ಎಲ್ಲ ಕಡೆಯಿಂದಲೂ ಇರುತ್ತದೆ. ಹೀಗೆ ಮನೆಗೆ ತಂದ ಮಣ್ಣಿನಲ್ಲಿ ಸಿಕ್ಕವರೂ ಇದ್ದಾರೆ.

ಶಿಲೆ_ಸಾಲು:
ಇನ್ನೊಂದು ಉಪಾಯ. ವಜ್ರಕ್ಕೆ ನೀರು ಅಂಟುವುದಿಲ್ಲ, ಗ್ರೀಸ್ ಅಂಟುತ್ತದೆ. ಹಳೇ ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಕಲ್ಲು-ನೀರು ಹರಿಸುತ್ತಿದ್ದರು. ತಟ್ಟೆಗೆ ವ್ಯಾಸಲೀನ್ ತೆಳ್ಳಗೆ ಸವರಿ, ಒದ್ದೆ ಕಾಳುಗಳನ್ನು ನೀರಿನ ಜೊತೆ ಹರಿಯಬಿಡಿ. ಬೇರೆ ಕಲ್ಲು ಜಾರಿ ಹೋಗುತ್ತವೆ, ವಜ್ರ ಕಚ್ಚಿಕೊಳ್ಳುತ್ತದೆ. ನಿಮ್ಮ ಮಗಳಿಗೆ ಸೈನ್ಸ್ ಪ್ರಾಜೆಕ್ಟೂ ಆಯಿತು.

ಲೆಕ್ಕದ_ಮೇಷ್ಟ್ರು:
ಖರ್ಚು ಎಷ್ಟಾಯಿತು ಹೇಳಲೇ ಇಲ್ಲ.

ಫ್ರಿಸ್ಕೊ_ದಾವಣಗೆರೆ:
ಮೇಷ್ಟ್ರೇ, ಅದನ್ನು ನಾನೂ ನೋಡಿಲ್ಲ. ಕ್ರೆಡಿಟ್ ಕಾರ್ಡ್ ಬಿಲ್ ಬರಲಿ. 😀

ಈಗ ಅರ್ಜೆಂಟಾಗಿ ಬೇಕಿರುವುದು ಸಣ್ಣ ಕಣ್ಣಿನ ಜರಡಿ. ಬಾಡಿಗೆಯದು ಅಲ್ಲೇ ವಾಪಸ್ ಕೊಟ್ಟು ಬಂದೆವು. ಅಮ್ಮ ಅಡುಗೆಮನೆಯ ಹಿಟ್ಟಿನ ಜರಡಿ ಮುಟ್ಟಲು ಬಿಡುತ್ತಿಲ್ಲ. ಯಾರ ಹತ್ತಿರವಾದರೂ ಇದೆಯಾ? ಅಪ್ಪ-ಅಮ್ಮ ಮುಂದಿನ ತಿಂಗಳು ಹೊರಡುವುದರೊಳಗೆ ಬಕೆಟ್ ಮುಗಿಸಬೇಕಂತೆ.

ಪ್ಲೇನೋ_ಪದ್ದಕ್ಕ:
ನನ್ನ ಹತ್ತಿರ ಎರಡು ಇವೆ. ಭಾನುವಾರ ಬನ್ನಿ, ಅಪ್ಪ-ಅಮ್ಮನನ್ನೂ ಕರೆದುಕೊಂಡು ಬನ್ನಿ. ಅಮ್ಮ ಆ ಬೋರಲು ಹಾಕುವುದನ್ನು ನನಗೂ ಒಮ್ಮೆ ತೋರಿಸಲಿ. ನನ್ನದು ಇವತ್ತಿಗೂ ಅರ್ಧ ಚೆಲ್ಲುತ್ತದೆ.

ಇರ್ವಿಂಗ್_ಬ್ಯಾಚುಲರ್:
ಭಾನುವಾರ ಊಟ ಇದೆಯಾ? ಸ್ನೇಹಿತ ಕೇಳುತ್ತಿದ್ದಾನೆ.